ಮಿಲಿಟರಿ ಡೀಸೆಲ್ ಪಿಕಪ್‌ಗೆ ಕ್ಯಾಂಪರ್ ಕಟ್ಟಿದ ಕತೆ

ಎಲ್ಲರೂ ಕೇಳುವುದು ಒಂದೇ. "ಎಳೆಯುತ್ತಾ?" ಎಳೆಯುತ್ತೆ. ಅದರಲ್ಲಿ ಅನುಮಾನವೇ ಬೇಡ. ಅಮೆರಿಕದ ಸೇನೆ ಕೈಬಿಟ್ಟ 1985ರ ಷೆವರ್ಲೆ ಎಂ1008 ಇದು. ಎಳೆಯುವುದಕ್ಕೇ ಹುಟ್ಟಿದ ಗಾಡಿ. ಆದರೆ ಕ್ಯಾಂಪರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಸಮೇತ ಇಳಿಜಾರಿನಲ್ಲಿ ನಿಲ್ಲಿಸಬೇಕು, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಬೇಕು, ಕ್ಯಾಂಪರಿನ ಲೈಟುಗಳನ್ನು ಸುಡಬಾರದು. ನನ್ನ ಎಂಟು ತಿಂಗಳ ಶನಿವಾರಗಳು ಹೋಗಿದ್ದು ಈ ಮೂರಕ್ಕೆ. ಮೂರರಲ್ಲಿ ಒಂದನ್ನು ಸುಟ್ಟೂ ಆಯಿತು.

ನಾವಿರುವುದು ಕೊಲರಾಡೊದಲ್ಲಿ, ಡೆನ್ವರ್ ಪಕ್ಕ. ಮನೆಯಿಂದ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಘಾಟಿ ಶುರು. ಹಾಗಾಗಿ ಇಲ್ಲಿ ಕ್ಯಾಂಪರ್ ಎಳೆಯುವುದು ಅಂದರೆ ಬೆಟ್ಟ ಹತ್ತಿ ಇಳಿಯುವುದು ಅಂತಲೇ ಅರ್ಥ.

ಸೇನೆಯಲ್ಲಿ ಈ ಗಾಡಿಗಳಿಗೆ ಸಿಯುಸಿವಿ (ಕಮರ್ಷಿಯಲ್ ಯುಟಿಲಿಟಿ ಕಾರ್ಗೊ ವೆಹಿಕಲ್) ಅಂತಾರೆ. ಎಂಬತ್ತರ ದಶಕದಲ್ಲಿ ಸೇನೆಗೆ ಕಡಿಮೆ ಖರ್ಚಿನ ಗಾಡಿ ಬೇಕಾಯಿತು. ಜನರಲ್ ಮೋಟರ್ಸ್ ತನ್ನ ಮಾಮೂಲಿ ಪಿಕಪ್ಪಿಗೇ ಮಿಲಿಟರಿ ಬಣ್ಣ ಬಳಿಯಿತು. 24 ವೋಲ್ಟಿನ ಸೆಲ್ಫ್, ಶತ್ರುವಿನ ಕಣ್ಣಿಗೆ ಬೀಳದ ಮಂದ ಬ್ಲ್ಯಾಕ್‌ಔಟ್ ಲೈಟು, ಹಿಂದೆ ಒಂದು ದಪ್ಪ ಪಿಂಟಲ್ ಕೊಕ್ಕೆ ಸೇರಿಸಿ ಕೊಟ್ಟಿತು. 6.2 ಲೀಟರ್ ವಿ8 ಡೀಸೆಲ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಹಾರ್ಸ್‌ಪವರ್ 135ರ ಆಸುಪಾಸು. ಇಷ್ಟು ದೊಡ್ಡ ಎಂಜಿನ್ನಿಗೆ ಇಷ್ಟೇನಾ ಅಂತ ನಗಬೇಡಿ. ಆಕ್ಸಲ್ ರೇಷಿಯೊ 4.56, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನ ನಾಲ್ಕೂವರೆ ಸುತ್ತು, ಇರುವುದರಿಂದ ಮರ ಕಟ್ಟಿದರೂ ಎಳೆಯುತ್ತೆ, ನಿಧಾನಕ್ಕೆ. ಗೇರ್‌ಬಾಕ್ಸ್ ಮೂರು ಗೇರಿನ ಆಟೊಮ್ಯಾಟಿಕ್, ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಓವರ್‌ಡ್ರೈವ್ ಗೇರ್ ಇಲ್ಲ. ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್ ವೇಗದಲ್ಲೇ ಎಂಜಿನ್ ನಿಮಿಷಕ್ಕೆ 2,650 ಸುತ್ತು ತಿರುಗುತ್ತಿರುತ್ತದೆ. 65 ಮೈಲಿಗೆ ಹೋದರೆ 3,100 ದಾಟುತ್ತೆ. ಆಮೇಲೆ ಕ್ಯಾಬಿನ್ನಿನಲ್ಲಿ ಕೂತವರಿಗೆ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ.

ಗಾಡಿಯ ತಗಡಿನ ಮೇಲೆ ಎಳೆಯಬಹುದಾದ ಭಾರ 3,100 ಪೌಂಡ್ ಅಂತ ಬರೆದಿದೆ. ಸುಮಾರು 1,400 ಕೆ.ಜಿ. ಗಾಡಿ ಅದಕ್ಕಿಂತ ಜಾಸ್ತಿ ಎಳೆಯುತ್ತೆ ಅಂತ ಹೇಳುವವರು ಬೇಕಾದಷ್ಟು ಜನ. ನಾನು ತಗಡಿನ ಮಾತು ಕೇಳಿದೆ. ಅದಕ್ಕೇ 16 ಅಡಿಯ ಹಳೇ ಫೈಬರ್‌ಗ್ಲಾಸ್ ಕ್ಯಾಂಪರ್ ಹುಡುಕಿದ್ದು. ಒಂದೇ ಆಕ್ಸಲ್, ಗುಂಡಗೆ, ಬೆಳ್ಳಗೆ. ಮಗಳು ನೋಡಿದ ತಕ್ಷಣ "ಇಡ್ಲಿ" ಅಂದಳು. ಅದೇ ಹೆಸರಾಯಿತು. ಸಾಮಾನು, ನೀರು, ಗ್ಯಾಸ್ ಎಲ್ಲ ತುಂಬಿ ತೂಕದ ಸೇತುವೆ ಮೇಲೆ ನಿಲ್ಲಿಸಿದಾಗ ಇಡ್ಲಿ 2,740 ಪೌಂಡ್ ತೂಗಿತು. ಕೊಕ್ಕೆ ಮೇಲೆ ಬೀಳುವ ಭಾರ 290. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆ ಮೇಲೆ ಇರಬೇಕು. ಕಡಿಮೆಯಾದರೆ ಕ್ಯಾಂಪರ್ ಹಾವಿನ ಹಾಗೆ ಬಾಲ ಆಡಿಸುತ್ತೆ. ನೀರಿನ ಕ್ಯಾನನ್ನು ಹಿಂದಿನಿಂದ ಮುಂದಕ್ಕೆ ತಂದಮೇಲೆ ಈ 290 ಸಿಕ್ಕಿದ್ದು.

ಹೀಟರ್ ಪ್ಲಗ್

ಗಾಡಿ ಮನೆಗೆ ಬಂದಿದ್ದು ಜನವರಿಯಲ್ಲಿ, ಬೇರೆಯವರ ಟ್ರೇಲರ್ ಮೇಲೆ. ಮಾರಿದವರು "ಸ್ಟಾರ್ಟ್ ಆಗುತ್ತೆ, ಓಡುತ್ತೆ" ಅಂದಿದ್ದರು. ಬೇಸಿಗೆಯಲ್ಲಿ ಆಗುತ್ತಿತ್ತೇನೋ. ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿ ತಿರುಗುತ್ತೆ, ಸೈಲೆನ್ಸರಿನಿಂದ ಬಿಳೀ ಹೊಗೆ ಬರುತ್ತೆ, ಹತ್ತಿಕೊಳ್ಳಲ್ಲ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪ ಸಕಲೇಶಪುರದವರು. ಶಿರಾಡಿ ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಕಣ್ಣು ಈಗ ಮಂಜು, ಫೋನಿನಲ್ಲಿ ಏನೂ ಸರಿಯಾಗಿ ಕಾಣಲ್ಲ. ಕಿವಿ ಮಾತ್ರ ಹಾಗೇ ಇದೆ.

"ಹೊಗೆ ಬರ್ತಾ ಇದ್ಯೇನೋ?" ಅಂದರು.

"ಬರ್ತಾ ಇದೆ. ಬಿಳೀದು."

"ಹಂಗಾದ್ರೆ ಡೀಸೆಲ್ ಹೋಗ್ತಾ ಇದೆ. ಹೀಟರ್ ನೋಡು ಕಣೋ."

ಇಲ್ಲಿಯವರು ಗ್ಲೋ ಪ್ಲಗ್ ಅನ್ನುವುದನ್ನು ನಮ್ಮಲ್ಲಿ ಹೀಟರ್ ಪ್ಲಗ್ ಅಂತಾರೆ, ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರಿನ ಒಳಗೆ ಬಿಸಿ ಮಾಡುವ ಕಡ್ಡಿ. ಎಂಟು ಸಿಲಿಂಡರಿಗೆ ಎಂಟು. ಒಂದೊಂದರ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಐದು ಸತ್ತಿದ್ದವು.

ಇವು ಸಾಯುವುದಕ್ಕೆ ಗಾಡಿಯ ಹುಟ್ಟುಗುಣವೂ ಸ್ವಲ್ಪ ಕಾರಣ. ಪ್ಲಗ್ಗು 12 ವೋಲ್ಟಿನವು, ಅದಕ್ಕೆ ಕೊಟ್ಟಿರುವ ಲೈನು 24 ವೋಲ್ಟಿನದು. ನಡುವೆ ಒಂದು ರೆಸಿಸ್ಟರ್ ಪಟ್ಟಿ ಕೂರಿಸಿ ವೋಲ್ಟೇಜ್ ಇಳಿಸಿದ್ದಾರೆ. ಕರೆಂಟ್ ಹಾಯಿಸುವ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡು ಆನ್ ಆಗೇ ಉಳಿದರೆ ಪ್ಲಗ್ಗು ಕೆಂಪಗೆ ಕಾದು ಕಾದು ತುದಿ ಊದಿಕೊಳ್ಳುತ್ತೆ. ಊದಿದ ತುದಿ ತೂತಿನಿಂದ ಹೊರಗೆ ಬರಲ್ಲ. ಬಲವಂತ ಮಾಡಿದರೆ ಮುರಿದು ಒಳಗೆ ಬೀಳುತ್ತೆ. ಆಮೇಲೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಆ ಚೂರನ್ನು ಮೀನು ಹಿಡಿದ ಹಾಗೆ ಹಿಡಿಯಬೇಕು. ಗ್ರಹಚಾರ ಕೆಟ್ಟರೆ ಹೆಡ್ಡೇ ಇಳಿಸಬೇಕು.

ನಾಲ್ಕು ಸುಲಭಕ್ಕೆ ಬಂದವು. ಐದನೆಯದು, ಬಲಗಡೆ ಸಾಲಿನಲ್ಲಿ ನಡುವಿನದು, ಊದಿತ್ತು. ಥ್ರೆಡ್ ಪೂರ್ತಿ ಬಿಟ್ಟುಕೊಂಡಿತು, ಪ್ಲಗ್ಗು ಮಾತ್ರ ಅಲ್ಲೇ ನಿಂತಿತು. ಬೆರಳಲ್ಲಿ ಹಿಡಿದರೆ ಗಿರಗಿರ ತಿರುಗುತ್ತೆ, ಮೇಲೆ ಬರಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಮಲಗಿದೆ. ಮಾರನೆಯ ದಿನ ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ, ಎಳೆದೆ, ಮತ್ತೆ ಎಣ್ಣೆ ಬಿಟ್ಟೆ. ಹಲ್ಲು ಬಿದ್ದುಹೋಗುವ ಮುಂಚೆ ಅಲ್ಲಾಡುತ್ತಲ್ಲ, ಆ ಥರ ಅಲ್ಲಾಡುತ್ತಿತ್ತು. ಮೂರನೇ ಸಂಜೆ ಕಿರ್ ಅಂತ ಒಂದು ಸದ್ದು. ಪೂರ್ತಿ ಬಂತು. ತುದಿ ಮೊಗ್ಗಿನ ಹಾಗೆ ಉಬ್ಬಿ ಒಂದು ಕಡೆ ಸೀಳಿತ್ತು. ಅದನ್ನು ಬಿಸಾಡಿಲ್ಲ, ಮೇಜಿನ ಮೇಲಿದೆ.

ಎಂಟೂ ಹೊಸದು ಹಾಕಿದೆ. 60ಜಿ ಅಂತ ಬರುತ್ತೆ, ಕಾದ ಮೇಲೆ ತಾನೇ ಕರೆಂಟ್ ಕಡಿಮೆ ಎಳೆಯುವ ಜಾತಿ. ರೆಸಿಸ್ಟರ್ ಪಟ್ಟಿ ಕಿತ್ತು, ಮುಂದಿನ ಬ್ಯಾಟರಿಯಿಂದ ನೇರ 12 ವೋಲ್ಟಿನ ಲೈನು ಕೊಟ್ಟೆ. ಆನ್ ಆಫ್ ಮಾಡುವ ಕೆಲಸ ಗಾಡಿಯ ಹಳೇ ಎಲೆಕ್ಟ್ರಾನಿಕ್ ಕಾರ್ಡಿನ ಕೈಯಲ್ಲಿ ಬೇಡ ಅಂತ ಡ್ಯಾಶಿನಲ್ಲಿ ಒಂದು ಪುಶ್ ಬಟನ್ ಇಟ್ಟೆ. ಎಂಟು ಎಣಿಸುವವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು. ಮೊದಲ ಸಲಕ್ಕೇ ಹತ್ತಿಕೊಂಡಿತು. ಬೀದಿಯೆಲ್ಲ ಹೊಗೆ. ಪಕ್ಕದ ಮನೆಯ ಅಜ್ಜ, ಹಿಂದೆ ಸೇನೆಯಲ್ಲಿ ಇದೇ ಗಾಡಿ ಓಡಿಸಿದವರು, ಕಾಫಿ ಲೋಟ ಹಿಡಿದುಕೊಂಡು ಬಂದು ಸುಮ್ನೆ ನಿಂತು ಕೇಳಿಸಿಕೊಂಡು ಹೋದರು.

ಎರಡು ಪಟ್ಟಿ, ಒಂದು ಮೂರ್ಖತನ

ಇದು ನನ್ನದೇ ತಪ್ಪು, ಯಾರ ಮೇಲೂ ಹಾಕುವ ಹಾಗಿಲ್ಲ.

ಗಾಡಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿವೆ. ಸೆಲ್ಫಿಗೆ 24. ಲೈಟು, ವೈಪರ್, ಹಾರ್ನ್ ಇವಕ್ಕೆಲ್ಲ ಮುಂದಿನ ಬ್ಯಾಟರಿಯ 12. ನಮ್ಮ ಕಡೆ ಲಾರಿಗಳಲ್ಲೂ ಎರಡು ಬ್ಯಾಟರಿ, 24 ವೋಲ್ಟ್. ಟೇಪ್ ರೆಕಾರ್ಡರಿಗೆ ಅಂತ ಡ್ರೈವರುಗಳು ಒಂದೇ ಬ್ಯಾಟರಿಯಿಂದ ಲೈನ್ ಎಳೆಯುತ್ತಿದ್ದರು. ಹಾಡು ಕೇಳಿ ಕೇಳಿ ಆ ಒಂದು ಬ್ಯಾಟರಿ ಬೇಗ ಹೋಗುತ್ತಿತ್ತು. ಈ ಗಾಡಿ ಮಾಡಿದವರು ಆ ತೊಂದರೆಗೆ ಎರಡು ಆಲ್ಟರ್ನೇಟರ್ ಕೊಟ್ಟಿದ್ದಾರೆ, ಒಂದೊಂದು ಬ್ಯಾಟರಿಗೆ ಒಂದೊಂದು. ಅಪ್ಪನಿಗೆ ಹೇಳಿದಾಗ ತುಂಬಾ ಮೆಚ್ಚಿಕೊಂಡರು. "ಎರಡು ಡೈನಮೊ! ದುಡ್ಡಿರೋರು ಬಿಡಪ್ಪ."

ಎಂಜಿನ್ ಹಿಂದಿನ ಗೋಡೆಯ ಮೇಲೆ ಎರಡು ಕನೆಕ್ಷನ್ ಪಟ್ಟಿಗಳಿವೆ. ಒಂದು 12, ಇನ್ನೊಂದು 24. ಹಳೇ ಬಣ್ಣ ಮೆತ್ತಿಕೊಂಡು ಎರಡೂ ಒಂದೇ ಥರ ಕಾಣುತ್ತವೆ. ಕ್ಯಾಂಪರಿನ ಬ್ಯಾಟರಿ ಚಾರ್ಜ್ ಮಾಡಲು ಒಂದು ವೈರ್ ಎಳೆಯಬೇಕಿತ್ತು. ರಾತ್ರಿ ಹತ್ತು ಗಂಟೆ. ಮೀಟರ್ ಶೆಡ್ಡಿನಲ್ಲಿತ್ತು, ಹೊರಗೆ ಹಿಮ ಬೀಳುತ್ತಿತ್ತು. ಇದೇ 12ರದ್ದು ಅಲ್ವಾ ಅಂದುಕೊಂಡು ಬಿಗಿದೆ.

ಕ್ಯಾಂಪರಿನೊಳಗೆ ಎಲ್‌ಇಡಿ ಲೈಟುಗಳು ಎಂದೂ ಇಲ್ಲದಷ್ಟು ಬೆಳ್ಳಗೆ ಉರಿದವು. ಎಷ್ಟು ಚೆನ್ನಾಗಿ ಉರೀತಿದೆ ಅಂತ ಒಂದು ಕ್ಷಣ ಖುಷಿಯೂ ಆಯಿತು. ಆಮೇಲೆ ಒಂದೊಂದಾಗಿ ಆರಿದವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆರು ಲೈಟು ಮತ್ತು ನೀರಿನ ಪಂಪು ಹೋದವು.

"ರೀ, ಇಡ್ಲಿ ಸೀದುಹೋಯ್ತಾ?" ಅಂದಳು ಹೆಂಡತಿ, ಬಾಗಿಲಲ್ಲಿ ನಿಂತು. ಉತ್ತರ ಕೊಡಲಿಲ್ಲ.

ಈಗ 24ರ ಪಟ್ಟಿಗೆ ಕೆಂಪು ಬಣ್ಣ ಬಳಿದಿದ್ದೇನೆ, ಮೇಲೆ ಒಂದು ರಬ್ಬರ್ ಮುಚ್ಚಳ. ಮೀಟರ್ ಗಾಡಿಯಲ್ಲೇ ಇರುತ್ತೆ.

ಕೊಕ್ಕೆ ಮತ್ತು ಬ್ರೇಕು

ಸೇನೆಯವರು ಕೊಟ್ಟ ಪಿಂಟಲ್ ಕೊಕ್ಕೆ ಬಾಯಿ ಮುಚ್ಚುವ ದವಡೆಯ ಹಾಗಿದೆ. ಟ್ರೇಲರಿನ ಕಬ್ಬಿಣದ ಉಂಗುರ ಅದರೊಳಗೆ ಕೂರುತ್ತೆ. ಗಟ್ಟಿ ಹೌದು, ಆದರೆ ಸಡಿಲ, ಗಡಗಡ. ಇಡ್ಲಿಯ ಮೂತಿ ಕೂರಲು ಬೇಕಾದದ್ದು ಎರಡಿಂಚಿನ ಕಬ್ಬಿಣದ ಗುಂಡು, ಅಂದರೆ ಬಾಲ್. ಜೊತೆಗೆ ಪಿಂಟಲ್ ತುಂಬಾ ಎತ್ತರದಲ್ಲಿದೆ. ಹಾಗೇ ಕಟ್ಟಿದರೆ ಕ್ಯಾಂಪರಿನ ಮೂತಿ ಆಕಾಶಕ್ಕೆ.

ಚೇಸಿಸ್ಸಿಗೆ ಬೋಲ್ಟ್ ಹಾಕುವ ರಿಸೀವರ್, ಅಂದರೆ ಗುಂಡಿನ ತೋಳು ತೂರಿಸುವ ಚೌಕ ಕೊಳವೆ, ತಂದು ಕೂರಿಸಿದೆ. ವೆಲ್ಡ್ ಮಾಡಿಸಬಹುದಿತ್ತು, ಮಾಡಿಸಲಿಲ್ಲ. ಈ ಗಾಡಿಗಳ ಮಿಲಿಟರಿ ಬಣ್ಣ ರಾಸಾಯನಿಕ ದಾಳಿ ತಡೆಯಲು ಮಾಡಿದ್ದು. ಅದನ್ನು ಕಾಯಿಸಿದರೆ, ಉಜ್ಜಿದರೆ ವಿಷದ ಹೊಗೆ, ಧೂಳು ಬರುತ್ತೆ. ತೂತು ಕೊರೆಯುವಷ್ಟು ಜಾಗದಲ್ಲಿ ಮಾತ್ರ, ಅದೂ ಒದ್ದೆ ಮಾಡಿಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಣ್ಣ ತೆಗೆದೆ. ರಿಸೀವರ್ ನೆಲದಿಂದ 25 ಇಂಚು, ಕ್ಯಾಂಪರಿನ ಮೂತಿ 19. ಆರಿಂಚು ಕೆಳಗಿಳಿಯುವ ಗುಂಡಿನ ತೋಳು (ಬಾಲ್ ಮೌಂಟ್) ಹಾಕಿದ ಮೇಲೆ ಇಡ್ಲಿ ನೆಟ್ಟಗೆ ನಿಂತಿತು.

ಗಾಡಿಯ ಸ್ವಂತ ಬ್ರೇಕಿಗೆ ಬಲ ಕೊಡುವುದು ಪವರ್ ಸ್ಟೀರಿಂಗ್ ಪಂಪು. ಅದರ ಹೋಸು ಜಿನುಗಿದರೆ ಸ್ಟೀರಿಂಗೂ ಹೋಯಿತು, ಬ್ರೇಕಿನ ಬಲವೂ ಹೋಯಿತು. ಎರಡು ಹೋಸೂ ಬದಲಾಯಿಸಿದೆ. ಇದನ್ನು ಯಾರೂ ತಪ್ಪಿಸಬೇಡಿ.

ಇಡ್ಲಿಯ ಚಕ್ರಗಳಲ್ಲಿ ಕರೆಂಟ್ ಬ್ರೇಕ್ ಇದೆ. ಡ್ರಮ್ಮಿನೊಳಗೆ ಒಂದು ಮ್ಯಾಗ್ನೆಟ್ಟು. ಕರೆಂಟ್ ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ತೋಳನ್ನು ಎಳೆಯುತ್ತೆ, ಶೂಗಳು ಅಗಲವಾಗುತ್ತವೆ. ಒಂದೊಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತೆ. ಡ್ರಮ್ ಬಿಚ್ಚಿದರೆ ಎಡಗಡೆಯ ಮ್ಯಾಗ್ನೆಟ್ ಒಳಗಿನ ತಾಮ್ರದ ಸುರುಳಿ ಕಾಣುವಷ್ಟು ಸವೆದಿತ್ತು. ಇಲಿ ಗೂಡು ಬೇರೆ. ಎರಡೂ ಕಡೆ ಪೂರ್ತಿ ಸೆಟ್ ಹೊಸದು ಹಾಕಿ, ಬೇರಿಂಗಿಗೆ ಗ್ರೀಸ್ ತುಂಬಿದೆ. ಟೈರು ನೋಡಲು ಹೊಸದರ ಹಾಗಿತ್ತು. ಪಕ್ಕದಲ್ಲಿ 2211 ಅಂತ ಬರೆದಿತ್ತು, ಅಂದರೆ 2011ರ 22ನೇ ವಾರ ಹುಟ್ಟಿದ್ದು. ಅವೂ ಹೋದವು.

ಇಡ್ಲಿಯ ಬ್ರೇಕಿಗೆ ಕರೆಂಟ್ ಅಳೆದು ಕೊಡುವ ಬ್ರೇಕ್ ಕಂಟ್ರೋಲರ್ ಮೊಣಕಾಲಿನ ಹತ್ತಿರ ಕೂರಿಸಿದೆ. ಈ ಸಲ ಮುಂದಿನ ಬ್ಯಾಟರಿಯಿಂದಲೇ, 30 ಆಂಪಿಯರಿನ ಬ್ರೇಕರ್ ಮೂಲಕ, ಮೀಟರ್ ಇಟ್ಟು ಎರಡು ಸಲ ನೋಡಿ ಲೈನ್ ಕೊಟ್ಟೆ. ಮೊದಲ ಪರೀಕ್ಷೆಯಲ್ಲಿ ಬ್ರೇಕ್ ಒತ್ತಿದರೆ ಹಿಂದೆ ಲೈಟೇ ಇಲ್ಲ. ಒಂದು ಮಧ್ಯಾಹ್ನ ಪೂರ್ತಿ ವೈರ್ ಹುಡುಕಿದೆ. ಕಡೆಗೆ ನೋಡಿದರೆ ಮಗಳು ಡ್ಯಾಶಿನ ಬ್ಲ್ಯಾಕ್‌ಔಟ್ ಸ್ವಿಚ್ ಎಳೆದು ಆಟ ಆಡಿದ್ದಳು. ಶತ್ರುವಿಗೆ ಕಾಣಬಾರದು ಅಂತ ಇರುವ ಸ್ವಿಚ್ಚು. ಎಳೆದರೆ ಮಾಮೂಲಿ ಲೈಟುಗಳೆಲ್ಲ ಬಂದ್.

ಡ್ಯಾಶಿನಲ್ಲಿ ಎಂಜಿನ್ ಬಿಸಿಗೆ ಬರೀ ಒಂದು ಕೆಂಪು ಲೈಟು. ಅದು ಹತ್ತುವ ಹೊತ್ತಿಗೆ ತಡವಾಗಿರುತ್ತೆ. ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು ಮುಳ್ಳಿನ ಮೀಟರ್ ಹಾಕಿದೆ. ರೇಡಿಯೇಟರ್ ಮುಂದೆ ಗೇರ್ ಆಯಿಲ್ ತಣಿಸಲು ಸಣ್ಣ ಕೂಲರ್ ಕೂಡ.

285ರ ಘಾಟಿ

ಸೆಪ್ಟೆಂಬರ್ ಕೊನೆಯ ಶುಕ್ರವಾರ ಹೊರಟೆವು. ಡೆನ್ವರಿನಿಂದ ಹೆದ್ದಾರಿ 285ರಲ್ಲಿ ಬ್ಯುಯೆನಾ ವಿಸ್ಟಾಗೆ. ಸುಮಾರು 120 ಮೈಲಿ. ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ನಮಗೆ ನಾಲ್ಕು ಹಿಡಿಯಿತು.

ಹತ್ತುವುದಕ್ಕಿಂತ ಮುಂಚೆ ಇಳಿಯುವ ಪರೀಕ್ಷೆ ಬಂತು. ಬೇಯ್ಲಿ ಎಂಬ ಊರಿಗೆ ಇಳಿಯುವ ಕ್ರೋ ಹಿಲ್ ತುಂಬಾ ಕಡಿದು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದರ ಹಾಗೆ ಗಾಳಿ ಕಟ್ಟುವ ಕವಾಟ ಇರಲ್ಲ. ಕಾಲು ತೆಗೆದರೂ ಎಂಜಿನ್ ಅಷ್ಟಾಗಿ ಹಿಡಿಯಲ್ಲ. ಅಪ್ಪ ಫೋನಿನಲ್ಲಿ ಹೇಳಿದ್ದು ಒಂದೇ ಮಾತು, "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ." ಎರಡನೇ ಗೇರಿಗೆ ಹಾಕಿ ಇಳಿಯಲು ಶುರು ಮಾಡಿದೆ. ವೇಗ 38 ಮೈಲಿಗೆ ಬಂದಾಗ ಬ್ರೇಕ್ ಗಟ್ಟಿಯಾಗಿ ಒತ್ತಿ 30ಕ್ಕೆ ತರುವುದು, ಪೂರ್ತಿ ಬಿಡುವುದು. ಮತ್ತೆ 38. ಕಾಲು ಇಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಬ್ರೇಕ್ ಕೈಕೊಡುತ್ತೆ. ಒತ್ತಿದಾಗಲೆಲ್ಲ ಹಿಂದಿನಿಂದ ಇಡ್ಲಿಯೂ ಹಿಡಿಯುತ್ತಿದ್ದದ್ದು ಬೆನ್ನಿಗೇ ಗೊತ್ತಾಗುತ್ತಿತ್ತು. ಕೆಳಗೆ ನಿಲ್ಲಿಸಿ ಡ್ರಮ್ ಹತ್ತಿರ ಕೈ ಹಿಡಿದು ನೋಡಿದೆ. ಬಿಸಿ ಇತ್ತು, ವಾಸನೆ ಇರಲಿಲ್ಲ.

ಆಮೇಲೆ ಕೆನೋಷಾ ಪಾಸ್, 10,000 ಅಡಿ. ಟರ್ಬೊ ಇಲ್ಲದ ಎಂಜಿನ್ನಿಗೆ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಇಳಿಯುತ್ತೆ ಅಂತ ಲೆಕ್ಕ. ಮೇಲೆ ಹೋಗುವ ಹೊತ್ತಿಗೆ 135 ಹಾರ್ಸ್‌ಪವರ್ 95ಕ್ಕೆ ಬಂದಿರುತ್ತೆ. ಎರಡನೇ ಗೇರ್, 35 ಮೈಲಿ, 2,500 ಸುತ್ತು. ಪೂರ್ತಿ ಒತ್ತಿದರೆ ವೇಗ ಜಾಸ್ತಿಯಾಗಲ್ಲ, ಕನ್ನಡಿಯಲ್ಲಿ ಕಪ್ಪು ಹೊಗೆ ಜಾಸ್ತಿಯಾಗುತ್ತೆ. ಗಾಳಿ ಸಾಲದೆ ಡೀಸೆಲ್ ಸುಮ್ಮನೆ ಹೋಗುತ್ತಿದೆ ಅಂತ ಅರ್ಥ. ಹೊಗೆ ನಿಲ್ಲುವಷ್ಟು ಕಾಲು ಎತ್ತಿದೆ. ವೇಗ ಅಷ್ಟೇ ಇತ್ತು! ಬಿಸಿ 210 ಡಿಗ್ರಿ ಫ್ಯಾರನ್‌ಹೀಟಿಗೆ ಬಂದಾಗ ಫ್ಯಾನಿನ ಕ್ಲಚ್ ಹಿಡಿದುಕೊಂಡು ಫ್ಯಾನು ವಿಮಾನದ ಹಾಗೆ ಭೋರ್ ಅಂತು, ಮುಳ್ಳು ಮತ್ತೆ ಕೆಳಗೆ ಬಂತು. ಹಿಂದೆ ಇಪ್ಪತ್ತು ಕಾರು ಸೇರಿದಾಗಲೆಲ್ಲ ಪಕ್ಕಕ್ಕೆ ತೆಗೆದು ದಾರಿ ಬಿಟ್ಟೆ. ಆ ವಾರ ಕೆನೋಷಾದಲ್ಲಿ ಆಸ್ಪೆನ್ ಮರಗಳು ಹಳದಿಯಾಗಿರುತ್ತವೆ, ಡೆನ್ವರಿನ ಅರ್ಧ ಜನ ಅಲ್ಲೇ ಇರುತ್ತಾರೆ. ನಮ್ಮ ಗಾಡಿಯ ಫೋಟೊ ತೆಗೆದವರು ಮರಗಳ ಫೋಟೊ ತೆಗೆದವರಷ್ಟೇ ಇದ್ದರು.

ಮೈಲೇಜು ಗ್ಯಾಲನ್ನಿಗೆ 11 ಮೈಲಿ. ಲೀಟರಿಗೆ ಐದು ಕಿಲೋಮೀಟರೂ ಇಲ್ಲ.

ಬೆಳಗಿನ ಜಾವ

ಬ್ಯುಯೆನಾ ವಿಸ್ಟಾ 8,000 ಅಡಿಯ ಹತ್ತಿರ. ಬೆಳಿಗ್ಗೆ ಎರಡು ಡಿಗ್ರಿ ಚಳಿ. ಬಟನ್ ಒತ್ತಿ ಎಂಟು ಎಣಿಸಿದೆ, ಸೆಲ್ಫ್ ಹೊಡೆದೆ. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ. ಇಲ್ಲ. ಹೆಂಡತಿಯನ್ನು ಹಿಂದೆ ನಿಲ್ಲಿಸಿ ಹೊಗೆ ನೋಡು ಅಂದೆ.

"ಹೊಗೇನೇ ಇಲ್ಲ ರೀ."

ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಹೋಗುತ್ತಿಲ್ಲ. ಈ ಸಲ ಅಪ್ಪನಿಗೆ ಫೋನ್ ಮಾಡದೆಯೇ ಅವರ ದನಿ ಕೇಳಿಸಿತು: ಏರ್ ಹಿಡಿದಿದೆ. ರಾತ್ರಿ ಗಾಡಿಯನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿದ್ದೆ. ಎಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ.

ಎಲ್ಲಿ ಅಂತ ನನಗೆ ಗೊತ್ತಿತ್ತು. ಅದೇ ಸಂಕಟ. ಇಂಜೆಕ್ಟರುಗಳ ತಲೆಯಿಂದ ಉಳಿದ ಡೀಸೆಲ್ ವಾಪಸ್ ಹೋಗಲು ಗೇಣುದ್ದದ ರಬ್ಬರ್ ಪೈಪುಗಳಿವೆ. ಸಾಲಿನ ಕೊನೆಯ ಇಂಜೆಕ್ಟರಿಗೆ ಒಂದು ರಬ್ಬರ್ ಟೋಪಿ. ಏಪ್ರಿಲ್‌ನಲ್ಲಿ ಎಲ್ಲ ಬದಲಾಯಿಸಿದ್ದೆ, ಎಂಟನೇ ಸಿಲಿಂಡರಿನ ಟೋಪಿ ಬಿಟ್ಟು. ಅದು ಮೂಲೆಯಲ್ಲಿ, ಹೀಟರ್ ಡಬ್ಬದ ಕೆಳಗೆ. ಕೈ ಹೋಗಲ್ಲ, ಚೆನ್ನಾಗೇ ಇದೆಯಲ್ಲ ಅಂತ ಬಿಟ್ಟಿದ್ದೆ.

ಮಗಳ ಕೈ ಹೋಯಿತು. ಟೋಪಿ ಕಿತ್ತು ಕೊಟ್ಟಳು. ಬೆರಳಲ್ಲಿ ಹಿಸುಕಿದರೆ ಹಳೇ ಹಪ್ಪಳದ ಹಾಗೆ ಬಿರುಕು. ಡಬ್ಬಿಯಲ್ಲಿ ಅರ್ಧ ಅಡಿ ರಿಟರ್ನ್ ಪೈಪ್ ಉಳಿದಿತ್ತು. ಒಂದಿಂಚು ಕತ್ತರಿಸಿ, ಒಂದು ತುದಿಗೆ ಬೋಲ್ಟ್ ತುರುಕಿ ಕ್ಲಾಂಪ್ ಬಿಗಿದು, ಇನ್ನೊಂದು ತುದಿಯನ್ನು ಇಂಜೆಕ್ಟರಿಗೆ ಮಗಳೇ ಹಾಕಿದಳು. ಆಮೇಲೆ ಏರ್ ತೆಗೆಯುವ ಕೆಲಸ. ಪಂಪಿನ ಗುಲಾಬಿ ವೈರ್ ಕಿತ್ತೆ, ಅದಿಲ್ಲದಿದ್ದರೆ ಎಂಜಿನ್ ಹತ್ತಲ್ಲ. ಫಿಲ್ಟರಿನ ಏರ್ ಸ್ಕ್ರೂ ಸಡಿಲ ಮಾಡಿ ಹತ್ತು ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ನಾಲ್ಕನೇ ಸಲಕ್ಕೆ ನೊರೆ ನೊರೆಯಾಗಿ ಡೀಸೆಲ್ ಬಂತು, ಐದನೆಯದಕ್ಕೆ ಗುಳ್ಳೆ ಇಲ್ಲದೆ ಬಂತು. ಸ್ಕ್ರೂ ಬಿಗಿದು, ವೈರ್ ಹಾಕಿ, ಹೀಟರ್ ಕೊಟ್ಟು ಹೊಡೆದೆ. ಮೊದಲು ಮೂರು ಸಿಲಿಂಡರ್, ಆಮೇಲೆ ಐದು, ಕೆಮ್ಮಿ ಕೆಮ್ಮಿ ಎಂಟೂ.

ಬಿಸಿ ಆಗಲಿ ಅಂತ ಬಿಟ್ಟು ಕಾಫಿ ಮಾಡಿದೆವು. ಎಂಜಿನ್ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಅಪ್ಪನಿಗೆ ಕಳಿಸಿದೆ. ಅಲ್ಲಿ ಆಗ ರಾತ್ರಿ. ಎಂಟನೇ ಟೋಪಿಯ ಸಾಹಸ, ಮಗಳ ಕೈಚಳಕ ಎಲ್ಲ ಉದ್ದಕ್ಕೆ ಬರೆದಿದ್ದೆ. ಐದು ನಿಮಿಷಕ್ಕೆ ಅಪ್ಪನ ಧ್ವನಿ ಸಂದೇಶ ಬಂತು.

"ಮಗು ಜಾಣೆ. ಒಂದು ಇಂಜೆಕ್ಟರ್ ಬಡೀತಾ ಇದೆ ನೋಡು, ಎಡಗಡೆದು."

ಮುಂದಿನ ಶನಿವಾರ ಮನೆಯಲ್ಲಿ ಬಿಚ್ಚಿದೆ. ಎಡಗಡೆ, ಮೂರನೆಯದು.